ಆನೆ ಸೀಲಿನ ಬಾಣಂತನ

ಮಗು ಎದೆ ಕಚ್ಚಿ ಎಳೆದೂ ಎಳೆದೂ ಸೋತು ಕೊನೆಗೆ ಕಿರುಚಿಕೊಂಡಿತು. ಹೆರಿಗೆಯಾಗಿ ಹದಿನೇಳು ದಿನ. ಅನ್ನಪೂರ್ಣಳಿಗೆ ಹಾಲು ಬತ್ತುತ್ತಿತ್ತು. ಮರಳಿ ಊರಿನ ಆ ಮನೆಯ ಹಿಂದೆಯೇ ಕಾಲುವೆ ತುಂಬಿ ಹರಿಯುತ್ತಿದ್ದರೂ ಒಳಗಿನ ಬಾಣಂತಿಗೆ ಮಾತ್ರ ಹೊತ್ತಿಗೆ ಅರ್ಧ ಲೋಟ ಬಿಸಿನೀರು. ನೀರು ಹೆಚ್ಚಾದರೆ ತಾಯಿಗೆ ಹೊಟ್ಟೆ ಜೋಲುತ್ತದೆ, ಕೂಸಿಗೆ ನೆಗಡಿ ಹಿಡಿಯುತ್ತದೆ ಎಂಬುದು ಅಜ್ಜಿ ಮುದುಕವ್ವನ ಕಾನೂನು. ಆಶಾ ಕಾರ್ಯಕರ್ತೆ ಹಜರತಬೀ ಬಂದು, ಕೂಸಿನ ತೂಕ ಏರಿಲ್ಲ, ತಾಯಿಗೆ ಕೇಳಿದಷ್ಟು ನೀರು ಕೊಡಿ ಎಂದು ಹೇಳಿ ಹೋಗಿದ್ದಳು. ಆರು ಹೆತ್ತವಳಿಗೆ ಅವಳೇನು ಕಲಿಸುವುದು ಎಂದು ಮುದುಕವ್ವ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಮಗುವನ್ನು ಭುಜಕ್ಕೆ ಹಾಕಿಕೊಂಡು ಅನ್ನಪೂರ್ಣ ಫೋನು ತೆರೆದಳು. ವಿಡಿಯೊದಲ್ಲಿ ಯಾವುದೋ ದೂರದ ಕಡಲ ದಂಡೆಯ ಮೇಲೆ ಆನೆ ಸೀಲು ಎಂಬ ದೈತ್ಯ ನೀರುಪ್ರಾಣಿಗಳು ಬಿದ್ದುಕೊಂಡಿದ್ದವು. ಗಂಡಿಗೆ ಮೋಟು ಸೊಂಡಿಲಿನಂಥ ಮೂಗು, ಎರಡು ಸಾವಿರ ಕಿಲೋ ಮೈ. ಎದೆ ಎತ್ತಿ ಗುಡುಗಿದರೆ ಉಳಿದವು ದಾರಿ ಬಿಡುತ್ತಿದ್ದವು. ಕೆಂಡದ ಅಗ್ಗಿಷ್ಟಿಕೆ ಹಿಡಿದು ಬಂದ ಮುದುಕವ್ವ, ಬಾಣಂತಿ ಕಣ್ಣು ಹಾಳಾಗುತ್ತದೆ ಎಂದು ಬೈಯುತ್ತಲೇ ಪಕ್ಕದಲ್ಲಿ ಕೂತು ತಾನೂ ನೋಡತೊಡಗಿದಳು. ಆ ಮೂಗು ಕಂಡು ತೀರಿಹೋದ ಗಂಡನ ಗೊರಕೆ ನೆನಪಾಗಿ ನಕ್ಕಳು ಕೂಡ.

ಅಷ್ಟರಲ್ಲಿ ಹೆಣ್ಣು ಸೀಲು ಮರಿ ಹಾಕಿತು. ಇನ್ನು ಇಪ್ಪತ್ತೆಂಟು ದಿನ ಅದು ತುತ್ತು ತಿನ್ನುವುದಿಲ್ಲ, ಹನಿ ನೀರು ಮುಟ್ಟುವುದಿಲ್ಲ, ಬರೀ ಹಾಲೂಡಿಸುತ್ತದೆ, ಮರಿ ನಾಲ್ಕು ಪಟ್ಟು ಬೆಳೆಯುತ್ತದೆ ಎಂದಿತು ಫೋನಿನ ದನಿ. ಮುದುಕವ್ವನಿಗೆ ಕೋರ್ಟಿನಲ್ಲಿ ಗೆದ್ದಷ್ಟು ಖುಷಿ.

“ಕೇಳಿದೇನು? ಮೂಕಪ್ರಾಣಿಗೆ ಇರೋ ಬುದ್ಧಿ ಆ ಹಜರತಬೀಗ ಇಲ್ಲ ನೋಡು.”

ಅನ್ನಪೂರ್ಣಳಿಗೆ ಅಳು ಬಂತು. ಆದರೂ ಹಟಕ್ಕೆ ಬಿದ್ದು ನೋಡುತ್ತಲೇ ಇದ್ದಳು. ಕೊಬ್ಬಿ ದಂಡೆಗೆ ಬಂದಿದ್ದ ತಾಯಿ ಸೀಲು ದಿನದಿಂದ ದಿನಕ್ಕೆ ಕರಗಿ, ಚರ್ಮ ಜೋತು, ಅರ್ಧಕ್ಕಿಳಿದಿತ್ತು. ಒಂದು ಬೆಳಿಗ್ಗೆ ಅದು ಮರಿಯನ್ನು ಮರಳಲ್ಲೇ ಬಿಟ್ಟು, ತಿರುಗಿಯೂ ನೋಡದೆ, ತೆವಳುತ್ತ ನೀರಿಗಿಳಿದು ಹೋಯಿತು. ಮರಿ ಕೂಗುತ್ತ ಉಳಿಯಿತು.

ಮುದುಕವ್ವನ ನಗು ನಿಂತಿತು. “ಕೂಸಿನ್ನ ಬಿಟ್ಟು ಎಲ್ಲಿಗೆ ಹೊಂಟಳು ಆಕಿ?”

“ಸಮುದ್ರಕ್ಕ. ಕೊಡಾಕ ಮೈಯಾಗ ಏನೂ ಉಳೀಲಿಲ್ಲ ಆಕಿಗೆ.” ಅನ್ನಪೂರ್ಣ ಫೋನು ಕೆಳಗಿಟ್ಟಳು. “ನನಗ ಹದಿನೇಳಾತು. ಇಪ್ಪತ್ತೆಂಟಕ್ಕ ಇನ್ನ ಹನ್ನೊಂದು ದಿನ ಐತಿ, ಆಯಿ.”

ಮುದುಕವ್ವ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ತುಳುಕುವಷ್ಟು ನೀರು ತುಂಬಿದ ತಂಬಿಗೆ ಇತ್ತು. ಅದನ್ನು ಮೊಮ್ಮಗಳ ಕೈಗಿಟ್ಟು, ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

“ಸಮುದ್ರ ಭಾಳ ದೂರ ಐತಿ,” ಎಂದಳು. “ಇಲ್ಲೇ ಕುಡಿ.”