ಮೂವತ್ತು ದಿನ

ಯಳಂದೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಮಾಂಬಳ್ಳಿಯ ಪುಟ್ಟಮಾದಪ್ಪನವರ ಬೇಡದ ಮೇಲ್‌ಗಳನ್ನೆಲ್ಲ ಒಟ್ಟಿಗೆ ಅಳಿಸಲು ಹೊರಟ ಅಲ್ಲಿನ ಕೆಲಸಗಾರ್ತಿ ರತ್ನಳ ಬೆರಳು ನಿಂತಿತು. ಲಾಟರಿ, ಲಕ್ಕಿ ಡ್ರಾಗಳ ನಡುವೆ ಒಂದರ ತಲೆಬರಹ ಕನ್ನಡದಲ್ಲಿತ್ತು: ‘ಅಪ್ಪನಿಗೆ’.

“ಯಜಮಾನ್ರೇ, ಪವಿತ್ರ ಅಂದ್ರೆ ಯಾರು?”

ಪಕ್ಕದಲ್ಲಿ ಕೂತಿದ್ದ ಪುಟ್ಟಮಾದಪ್ಪ ಕುರ್ಚಿಯಿಂದ ಅರ್ಧ ಎದ್ದರು. ಬೇರೆ ಜಾತಿಯವನನ್ನು ಮದುವೆಯಾಗಿ ಮೂರು ವರ್ಷದ ಹಿಂದೆ ಮನೆ ಬಿಟ್ಟ ಮಗಳು. ಆ ಸಿಟ್ಟಿನಲ್ಲಿ ಫೋನ್ ನಂಬರನ್ನೇ ಬದಲಿಸಿದ್ದರೂ, ಅವಳೇ ಒಂದು ಮಾತು ಬರೆಯಲಿ ಎಂದು ಒಳಗೊಳಗೇ ಕಾದಿದ್ದರು. ಹೋದ ವರ್ಷ ಯಾವುದೋ ಲಾಟರಿ ಮೇಲ್ ನಂಬಿ ಮೋಸಹೋದ ಮೇಲೆ, ಗುರುತಿಲ್ಲದವರ ಮೇಲ್ ಎಲ್ಲ ನೇರವಾಗಿ ಸ್ಪ್ಯಾಮ್ ಎಂಬ ಕಸಕ್ಕೆ ಹೋಗುವ ಹಾಗೆ ರತ್ನಳಿಂದಲೇ ಮಾಡಿಸಿದ್ದರು.

“ಓದವ್ವ.”

ರತ್ನ ತಗ್ಗಿದ ದನಿಯಲ್ಲಿ ಓದಿದಳು. ‘ಅಪ್ಪ, ವರ್ಷದಿಂದ ತಿಂಗಳಿಗೊಂದು ಬರೆದೆ. ಮಗು ಉಳಿಯಲಿಲ್ಲ ಅಂತ ಬರೆದಾಗಲೂ ನೀನು ಸುಮ್ಮನಿದ್ದೆ. ಇನ್ನು ಬರೆಯಲ್ಲ.’

“ಮಗೀನ್ ಇಸ್ಯ ಬರ್ದವ್ಳಲ್ಲ, ಅದ್ ತೋರ್ಸವ್ವ.”

“ಕಸದಲ್ಲಿ ಇರೋದು ಮೂವತ್ತೇ ದಿನ ಕಣ್ರಿ. ಆಮೇಲೆ ತಾವೇ ಅಳಿಸೋಯ್ತವೆ.”

ಪುಟ್ಟಮಾದಪ್ಪ ಪರದೆಯತ್ತ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಹೋದ ಮಗು ಗಂಡೋ ಹೆಣ್ಣೋ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ರತ್ನ ‘ಸ್ಪ್ಯಾಮ್ ಅಲ್ಲ’ ಎಂಬುದನ್ನು ಒತ್ತಿದಳು. ಉತ್ತರ ಬರೆಯುವ ಜಾಗ ತೆರೆದು ಕಾದಳು.

“ಏನಂತ ಬರೀಲಿ?”

ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

“ಇವತ್ತೇ ಓದ್ದೆ ಅಂತ ಬರಿ. ಎಲ್ಲಿದ್ದೀಯವ್ವ ಅಂತ ಕೇಳು.”