ಕೂರಲು ಜಾಗವಿಲ್ಲದ ಊರು

ನಗರ ಯೋಜನೆ ಕಲಿಯುವ ಎಂ.ಪ್ಲಾನ್ ವಿದ್ಯಾರ್ಥಿಗಳು ಬರೆದ ನಕ್ಷೆಯನ್ನು ಬಯಲಲ್ಲಿ ಹಾಸಿ ನೀರು ಚಿಮುಕಿಸಿದರೆ ವಾರದೊಳಗೆ ಊರು ಎದ್ದು ನಿಲ್ಲುತ್ತಿತ್ತು. ನೀಲಗಂಗಾಳ ಊರೂ ಹಾಗೇ ಎದ್ದಿತ್ತು. ನಕ್ಷೆ ಚೆಂದ ಕಾಣಲೆಂದು ಅವಳು ಅಂಟಿಸಿದ್ದ ಚಿತ್ರದ ಜನರೂ ಊರಿನ ಜೊತೆಗೇ ಹುಟ್ಟಿಬಂದಿದ್ದರು. ಬಲೂನು ಹಿಡಿದ ಅಜ್ಜ, ಚೀಲ ಹೊತ್ತ ಹೆಂಗಸು, ಎಲ್ಲರೂ ನಡೆಯುತ್ತಿರುವವರೇ. ಪರೀಕ್ಷಕರು ಬರುವಾಗ ಊರಲ್ಲಿ ಜನ ಉಳಿದಿದ್ದರೆ ಪಾಸು, ಖಾಲಿಯಾಗಿದ್ದರೆ ಫೇಲು.

ಪರೀಕ್ಷೆಯ ಬೆಳಿಗ್ಗೆ ಅಷ್ಟೂ ಜನ ಗಂಟುಮೂಟೆ ಸಮೇತ ಊರಬಾಗಿಲಿಗೆ ಬಂದು ನೀಲಗಂಗಾಳ ಎದುರು ನಿಂತಿದ್ದರು.

"ಹೊಂಟೀವಿ ನೋಡವಾ," ಎಂದ ಬಲೂನಿನ ಅಜ್ಜ. "ಹುಟ್ಟಿದಾಗಿಂದ ಬರೇ ಅಡ್ಡಾಡೂದಾತು. ಕುಂದರಾಕ ಒಂದು ಕಟ್ಟಿ ಇಲ್ಲ ನಿನ್ನ ಊರಾಗ."

ಸೈಕಲ್ ದಾರಿಯಿತ್ತು, ಕಾರಂಜಿಯಿತ್ತು, ಡ್ರೋನ್ ನಿಲ್ದಾಣವೂ ಇತ್ತು. ಕಟ್ಟೆ ಮಾತ್ರ ಇರಲಿಲ್ಲ. ಎರಡು ವರ್ಷ ಕ್ಲಾಸು ತಪ್ಪಿಸಿ ಕಾಲೇಜಿನ ಕಟ್ಟೆಯ ಮೇಲೆ ಕೂತೇ ಓದು ಮುಗಿಸಿದ ಮಹಾತಾಯಿ ತಾನು!

"ತಡಿ ಯಜ್ಜಾ," ಎಂದವಳೇ ನೀಲಗಂಗಾ, ಪರೀಕ್ಷಕರಿಗೆಂದು ತಂದಿದ್ದ ತನ್ನ ಪ್ರಬಂಧದ ದಪ್ಪ ದಪ್ಪ ಸಂಪುಟಗಳನ್ನೆಲ್ಲ ಬೇವಿನ ನೆರಳಲ್ಲಿ ಸಾಲಾಗಿ ಪೇರಿಸಿದಳು. ಅಜ್ಜ ಉಸ್ಸೆಂದು ಕೂತ. "ಸ್ವಲ್ಪ ಸರಿ ಯಜ್ಜಾ," ಎಂದು ಚೀಲದ ಹೆಂಗಸೂ ಕೂತಳು. ಹರಟೆ ಶುರುವಾಯಿತು.

ಪರೀಕ್ಷಕ ಇನಾಮದಾರ ಸರ್ ಬಿಸಿಲಲ್ಲಿ ಊರೆಲ್ಲ ಸುತ್ತಿ, ಬೆವರೊರೆಸುತ್ತ ಬಂದು ಅವರ ಪಕ್ಕದಲ್ಲೇ ಕುಸಿದು ಕೂತರು.

"ಎಲ್ಲೈತವಾ ನಿನ್ನ ಪ್ರಬಂಧ?"

"ಅದರ ಮ್ಯಾಲ ಕುಂತೀರಿ, ಸರ್."

ಸರ್ ಏಳಲಿಲ್ಲ. "ಇರಲಿ ಬಿಡು, ಪಾಸು," ಎಂದರು. "ಇಡೀ ಊರಾಗ ಕೆಲಸಕ್ಕ ಬಂದದ್ದು ಇದೊಂದ."