ವಜಾ

ಅಂಗಿಯ ಅಳತೆಗೆ ಕಮ್ಮಾರ ಭಾವ ತೋಳು ಚಾಚಿದ್ದೇ ತಡ, ದರ್ಜಿಯ ಟೇಪು ಅಲ್ಲೇ ನಿಂತಿತು. ಕುಲುಮೆಯ ಮಸಿ ಮೆತ್ತಿದ ಐದು ಬೆರಳಲ್ಲಿ ಒಂದು ಮಾತ್ರ ತಿಕ್ಕಿ ತೊಳೆದ ಹಾಗಿತ್ತು; ಉಗುರಂಚಲ್ಲಿ ಮತದ ಶಾಯಿ.

“ವೋಟು ಹಾಕಿದ್ರಾ? ನಿಮ್ಮ ಪಕ್ಷ ಬೇರೆ, ನಂದು ಬೇರೆ, ನಿಮ್ಮ ವೋಟಿಗೆ ನನ್ನ ವೋಟು ವಜಾ, ಇಬ್ರೂ ಹೋಗೋದೇ ಬೇಡ ಅಂತ ಇಪ್ಪತ್ತು ವರ್ಷದಿಂದ ಮಾತಿತ್ತಲ್ಲ ಭಾವ!”

“ಮೊದ್ಲು ನಿನ್ನ ಬೆರಳಿನ ಕಟ್ಟು ಬಿಚ್ಚು.”

“ಸೂಜಿ ಚುಚ್ಚಿತ್ತು...” ಅನ್ನುವಷ್ಟರಲ್ಲಿ ಭಾವ ಬಟ್ಟೆಚೂರು ಎಳೆದೇಬಿಟ್ಟ. ಗಾಯವಿರಲಿಲ್ಲ, ಶಾಯಿಯಿತ್ತು. ಸಿಕ್ಕಿಬಿದ್ದ ಕಳ್ಳರಂತೆ ಇಬ್ಬರೂ ನಕ್ಕರು.

ಗುಂಡಿ ಹಚ್ಚುತ್ತಿದ್ದ ಅಕ್ಕ ಗಂಡನನ್ನೂ ತಮ್ಮನನ್ನೂ ನೋಡಿದಳು. “ಸದ್ಯ, ಈಗಲಾದ್ರೂ ಬುದ್ಧಿ ಬಂತು. ನಿಮ್ಮಿಬ್ರದೂ ವಜಾ. ಲೆಕ್ಕಕ್ಕುಳಿಯೋದು ಇದೊಂದೇ,” ಎಂದು ತನ್ನ ಶಾಯಿಯ ಬೆರಳೆತ್ತಿದಳು.

“ಯಾರಿಗೆ ಹಾಕ್ದೆ?” ಇಬ್ಬರೂ ಒಟ್ಟಿಗೇ ಕೇಳಿದರು.

ಅಕ್ಕ ಹಲ್ಲಲ್ಲಿ ದಾರ ಕಡಿದು, ಮುಂದಿನ ಗುಂಡಿಗೆ ಕೈ ಹಾಕಿದಳು.